ಸಿಪ್ಕಾಟ್‌ನಲ್ಲಿ ದುಭಾಷಿ

ಹೊಸೂರಿನ ಸಿಪ್ಕಾಟ್, ಎರಡನೇ ಹಂತ,
ಕ್ಯಾಂಟೀನಿನ ಮೇಲಂತಸ್ತು.
ಸಾಂಬಾರಿನ ವಾಸನೆ ಮೆಟ್ಟಿಲೇರಿ ಬಂದು
ಹಿಂದಿನ ಸಾಲಿನಲ್ಲಿ ಕೂತಿದೆ.
ಪುಣೆಯ ದೀಕ್ಷಿತರು ಪರದೆಯ ಮೇಲೆ ಒಂದು ರಥ ನಿಲ್ಲಿಸಿದ್ದಾರೆ.
ಕುದುರೆಗಳು ಇಂದ್ರಿಯ, ಸಾರಥಿ ಬುದ್ಧಿ,
ಒಡೆಯ ಒಳಗೆ ಸುಮ್ಮನೆ ಕೂತಿರುತ್ತಾನೆ.

ನಾನು ಬಾಗಲೂರಿನವಳು, ಎಚ್ಆರ್ ಗುಮಾಸ್ತೆ.
ಅವರ ಇಂಗ್ಲಿಷನ್ನು ಕನ್ನಡಕ್ಕೆ, ಅದನ್ನೇ ತೆಲುಗಿಗೆ,
ತಳದಲ್ಲಿ ಉಳಿದದ್ದನ್ನು ತಮಿಳಿಗೆ
ಬಗ್ಗಿಸಿ ಕೊಡುವುದು ಇವತ್ತಿನ ಡ್ಯೂಟಿ.
ಬಗ್ಗಿಸುವಾಗ ತುಸು ಚೆಲ್ಲುತ್ತದೆ.
ಚೆಲ್ಲಿದ್ದು ಯಾರ ಲೆಕ್ಕಕ್ಕೂ ಇಲ್ಲ.

ಒಡೆಯ ಅಂದದ್ದೇ ತಡ, ಎಲ್ಲರೂ
ಏಸಿಯ ಕೆಳಗಿದ್ದ ಷಣ್ಮುಗಂ ಸಾರ್ ಕಡೆ ತಿರುಗಿದರು.
ಅವರು ಫೋನಿನಲ್ಲಿದ್ದರು.
"ಅಂಗಾದ್ರೆ ಕುದ್ರೆ ನಾವೇನಾ?" ಅಂದ ಓಬುಳೇಶು.
ಕೆಳಗಿನ ಮಾತು ಮೇಲಕ್ಕೆ ಬಗ್ಗುವುದಿಲ್ಲ.
ದೀಕ್ಷಿತರು ಕೇಳಿದಾಗ
ಅರ್ಥವಾಯಿತಂತೆ ಸಾರ್, ಅಂದೆ.

ಆಮೇಲೆ ಅನಾಸಕ್ತಿ.
ಏನೆನ್ನಲಿ? ಅಂಟಿಕೊಳ್ಳಬೇಡಿ ಅಂದೆ.
ವದಿಲೇಯಂಡಿ. ವಿಟ್ಟುಡುಂಗ.
ಯಾರ ಮುಖವೂ ಅಲುಗಲಿಲ್ಲ.
ಕೊನೆಗೆ, ಕೈ ಬಿಡಿ, ಅಂದುಬಿಟ್ಟೆ.

ಕೈ.
ಪ್ರೆಸ್ ಶಾಪಿನ ಮೂರನೇ ಯಂತ್ರಕ್ಕೆ ಎರಡು ಗುಂಡಿ,
ಎಡಗೈಗೊಂದು, ಬಲಗೈಗೊಂದು.
ಎರಡೂ ಒಟ್ಟಿಗೆ ಒತ್ತಿದರೆ ಮಾತ್ರ
ಅರವತ್ತು ಟನ್ನು ಇಳಿಯಬೇಕು. ಅದು ನಿಯಮ.
ಮಾರ್ಚಿಯ ಕೊನೇ ವಾರ ಒಂದು ಗುಂಡಿಗೆ ಟೇಪು ಬಿತ್ತು.
ಗಂಟೆಗೆ ನಲವತ್ತು ಪೀಸು ಹೆಚ್ಚಿತು,
ಮುನಿತಾಯಮ್ಮನ ಎಡಗೈಯಲ್ಲಿ
ಎರಡು ಬೆರಳು ಕಡಿಮೆಯಾಯಿತು.

ವರದಿ ಬರೆದವಳು ನಾನು.
ಟೇಪು ಸುತ್ತಲ್ಪಟ್ಟಿತ್ತು.
ಎಚ್ಚರಿಕೆ ಪಾಲಿಸಲ್ಪಟ್ಟಿರಲಿಲ್ಲ.
ಎಂಟನೇ ಕ್ಲಾಸಿನ ವ್ಯಾಕರಣ, ಕರ್ಮಣಿ ಪ್ರಯೋಗ:
ಕರ್ಮ ಮುಂದೆ ಬಂದು ನಿಲ್ಲುತ್ತದೆ,
ಕರ್ತೃ ಗೇಟು ದಾಟಿ ಮನೆಗೆ ಹೋಗಿರುತ್ತಾನೆ.

"ಮಾಡಿದ್ದು ನಾನು ಎಂಬುದನ್ನು ಬಿಡಬೇಕು,
ನಾಯಕನ ಪರಮ ಗುಣ ಅದು," ಎನ್ನುತ್ತಿದ್ದಾರೆ ದೀಕ್ಷಿತರು.
ಪಾಪ, ಒಳ್ಳೆಯ ಮನುಷ್ಯ. ಕಣ್ಣು ತೇವವಾಗಿದೆ.
ಅವರಿಗೆ ಹೇಗೆ ಹೇಳಲಿ,
ನಮ್ಮ ಆಫೀಸು ಎಂದೋ ಮುಕ್ತಿ ಪಡೆದಿದೆ ಎಂದು.

ಊಟಕ್ಕೆ ಮುಂಚೆ ಕೊನೆಯ ಆಟ.
ಹಿರಿಯರಿಂದ ಕಲಿತ ಒಂದು ಮಾತು ಹೇಳಿ,
ಯಾರಾದರೂ, ನಾಚಿಕೆ ಬೇಡ.
ಮುನಿತಾಯಮ್ಮ ಎದ್ದಳು.
ಈಗವಳಿಗೆ ಸ್ಟೋರಿನಲ್ಲಿ ವಾಷರು ಎಣಿಸುವ ಕೆಲಸ.

"ನಮ್ಮಪ್ಪ ಕಣದಾಗೆ ರಾಗಿ ಅಳೀವಾಗ
ಒಂದು ಅಂತಿರ್ಲಿಲ್ಲ ಸಾರ್.
ಮೊದಲ್ನೇ ಕೊಳಗಕ್ಕೆ ಲಾಭ ಅನ್ನೋನು.
ಲಾಭ, ಎರಡು, ಮೂರು, ಅಂಗೆ."

ಅನುವಾದ ಮುಗಿಯುವ ಮೊದಲೇ ದೀಕ್ಷಿತರು ಚಪ್ಪಾಳೆ ತಟ್ಟಿದರು.
ಬೋರ್ಡಿನ ಮೇಲೆ ಲಾಭ ಎಂದು ನಾಗರಿಯಲ್ಲಿ ಬರೆದು
ಅಡಿಗೆರೆ ಎಳೆದರು. ನೋಡಿ, ಎಂಥ ಸಕಾರಾತ್ಮಕ ಮನಸ್ಸು!
ಆ ಲಾಭ ನಿಮ್ಮಪ್ಪ ಎಲ್ಲಿಡುತ್ತಿದ್ದರು?

"ಇಡ್ತಿರ್ಲಿಲ್ಲ.
ಅದು ಕುಯ್ದೋರ ಮಡಿಲಿಗೆ, ಬಡಿದೋರ ಮಡಿಲಿಗೆ.
ನಮ್ದು ಎರಡರಿಂದ ಶುರು."

ಹೇಳುತ್ತ ಹೇಳುತ್ತ ಎಡಗೈ ಎತ್ತಿ
ಹೆಬ್ಬೆರಳಿನಿಂದ ಎಣಿಸಿ ತೋರಿಸಿದಳು.
ಲಾಭ. ಎರಡು. ಮೂರು.
ಅಲ್ಲಿಗೆ ಕೈ ಮುಗಿಯಿತು.

ಯಾರೋ ಪ್ಲೇಟು ಜೋಡಿಸುವ ಸದ್ದು ಕೆಳಗೆ.
ದೀಕ್ಷಿತರ ಮಾರ್ಕರು ಗಾಳಿಯಲ್ಲೇ ನಿಂತಿತು.
"ಏನಾಯಿತು ಆಕೆಗೆ?" ನನ್ನನ್ನೇ ಕೇಳಿದರು,
ಮೆಲ್ಲಗೆ, ಇಂಗ್ಲಿಷಿನಲ್ಲಿ.

ನನ್ನ ಫೈಲಿನಲ್ಲಿ ಸ್ಟೋರಿನ ಹಳದಿ ಚೀಟಿ ಇದೆ:
ಟೇಪು, ಒಂದು ಸುತ್ತು. ತಾರೀಖು ಇದೆ. ಸಹಿಯೂ ಇದೆ.
ವರದಿಗೆ ಅದನ್ನು ಲಗತ್ತಿಸಿರಲಿಲ್ಲ.
ಲಗತ್ತಿಸಲ್ಪಟ್ಟಿರಲಿಲ್ಲ, ಅನ್ನಬಹುದು.
ನಾಲಗೆಗೆ ಅದೇ ರೂಢಿ.

"ಸಾರ್," ಅಂದೆ, "ನಾನು..."

ಏಸಿಯ ಕೆಳಗೆ ಷಣ್ಮುಗಂ ಸಾರ್
ಫೋನು ಮಗುಚಿಟ್ಟರು.